ಅವನಿಗೆ ಮಾತು ಬರುತ್ತಿತ್ತು

ಪ್ರಶ್ನೆ: ನಾವು ವಿಜಯನಗರದಲ್ಲಿದ್ದೇವೆ. ಮಗನಿಗೆ 14 ವರ್ಷ, ಒಂಬತ್ತನೇ ತರಗತಿ. ಶಾಲೆಯ ವಾರ್ಷಿಕೋತ್ಸವಕ್ಕೆ ಫ್ರಾಂಕೆನ್‌ಸ್ಟೈನ್ ಕಥೆಯನ್ನು ಕನ್ನಡದಲ್ಲಿ ನಾಟಕ ಮಾಡಿಸುತ್ತಿದ್ದಾರೆ. ರಾಕ್ಷಸನ ಪಾತ್ರ ನನ್ನ ಮಗನಿಗೆ ಬಂದಿದೆ. ಅವನು ವಯಸ್ಸಿಗೆ ಮೀರಿ ಎತ್ತರ, ಜೊತೆಗೆ ಸ್ವಲ್ಪ ತೊದಲುತ್ತಾನೆ. ಈ ಪಾತ್ರಕ್ಕೆ ಮಾತಿಲ್ಲ, ಗುರುಗುಟ್ಟಿದರೆ ಸಾಕು, ಹೀಗಾಗಿ ಅನುಕೂಲವಾಯಿತು ಎಂದು ಮೇಷ್ಟ್ರು ಹೇಳಿದರು. ಮೊದಲು ಖುಷಿಯಾಗಿಯೇ ಇದ್ದ. ಎರಡು ವಾರದಿಂದ ಮಂಕಾಗಿದ್ದಾನೆ. ಕೇಳಿದರೆ, "ರಾಕ್ಷಸನದು ಏನೂ ತಪ್ಪಿಲ್ಲ, ಎಲ್ಲರೂ ಸೇರಿ ಅವನನ್ನು ಹಾಗೆ ಮಾಡಿದರು" ಎಂದು ವಾದಕ್ಕೆ ನಿಲ್ಲುತ್ತಾನೆ. ಬೆಳೆಯುವ ಹುಡುಗ ರಾಕ್ಷಸನ ವೇಷ ಹಾಕಬಾರದು, ಅದರ ಗುಣ ಹತ್ತುತ್ತದೆ ಎನ್ನುವುದು ಅತ್ತೆಯವರ ಭಯ. ನಮ್ಮ ಯಜಮಾನರು ವೈಟ್‌ಫೀಲ್ಡಿನಲ್ಲಿ ಕೃತಕ ಬುದ್ಧಿಮತ್ತೆಗೆ ಸಂಬಂಧಿಸಿದ ಕೆಲಸದಲ್ಲಿದ್ದಾರೆ. ಇದು ವಿಜ್ಞಾನವೆಂದರೆ ಹೆದರಿಸುವ ಹಳೆಯ ಕಥೆ, ರೋಬೊ ಸಿನಿಮಾಗಳೂ ಅಷ್ಟೇ ಎನ್ನುತ್ತಾರೆ. ಪಾತ್ರ ಬಿಡಿಸಬೇಕೇ? ಕೊಲೆಗಾರನ ಮೇಲೆ ಮಕ್ಕಳಿಗೆ ಕನಿಕರ ಹುಟ್ಟುವುದು ಸರಿಯೇ? ಅವನಿಗೆ ನಾನು ಏನು ಓದಿಸಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿರುವುದು ಕಥೆಯ ಬಗ್ಗೆ, ವೇಷದ ಬಗ್ಗೆ, ಕನಿಕರದ ಬಗ್ಗೆ. ಮೂರೂ ಸಲ ನನ್ನ ಕಣ್ಣು ಹೋಗಿ ನಿಂತದ್ದು ಮಾತ್ರ ನೀವು ನಡುವೆ ಹೇಳಿ ದಾಟಿಹೋದ ಒಂದು ವಾಕ್ಯದ ಮೇಲೆ: ಪಾತ್ರಕ್ಕೆ ಮಾತಿಲ್ಲ, ಅನುಕೂಲವಾಯಿತು. ಅಲ್ಲಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ಕಥೆಯ ಮೇಲೆ ಕುಳಿತಿರುವ ದೂಳು ಒರೆಸಬೇಕು.

ಬೆಂಗಳೂರಿನ ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೌಲನಿಕ ಸಾಹಿತ್ಯ ಪಾಠ ಮಾಡಿದ್ದೇನೆ. ಈ ಕಾದಂಬರಿಯನ್ನು ಶುರುಮಾಡುವ ದಿನ "ರಾಕ್ಷಸನ ಹೆಸರೇನು?" ಎಂದು ತರಗತಿಯನ್ನು ಕೇಳುತ್ತಿದ್ದೆ. ಪ್ರತಿ ವರ್ಷವೂ ಬರುತ್ತಿದ್ದ ಉತ್ತರ ಫ್ರಾಂಕೆನ್‌ಸ್ಟೈನ್. ಅದು ಅವನನ್ನು ಮಾಡಿದವನ ಮನೆತನದ ಹೆಸರು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜಿನೀವಾದ ಅನುಕೂಲಸ್ಥರ ಮನೆಯ ಹುಡುಗ, ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವನು ಮಾಡಿದ ಜೀವಿಗೆ ಇಡೀ ಪುಸ್ತಕದಲ್ಲಿ ಹೆಸರೇ ಇಲ್ಲ. 1823ರಲ್ಲಿ ಕಥೆ ಲಂಡನ್ನಿನ ರಂಗಕ್ಕೆ ಬಂದಾಗ ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿರಬೇಕಾದ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ನಾಟಕ ನೋಡಿದ ಲೇಖಕಿ ಮೇರಿ ಶೆಲ್ಲಿಗೆ ಅದು ಹಿಡಿಸಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅಂದರೆ ಅವನಿಗೆ ನಾಮಕರಣವೇ ಆಗಲಿಲ್ಲ, ಸರ್" ಎಂದಳು. ನಾನು ಒಂದು ಗಂಟೆಯಲ್ಲಿ ಹೇಳಬೇಕೆಂದುಕೊಂಡಿದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಉಸುರುವವರು ಯಾರೂ ಇರಲಿಲ್ಲ ಆ ಜೀವಕ್ಕೆ.

ಮೇರಿ ಹುಟ್ಟಿದ್ದು 1797ರಲ್ಲಿ. ಹೆತ್ತ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. 1815ರಲ್ಲಿ ಆಕೆಯ ಮೊದಲ ಕೂಸು ಕಣ್ಮುಚ್ಚಿತು. ಮರುವರ್ಷದ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಈ ಕಥೆ ಬರೆಯಲು ಕುಳಿತಾಗ ಆಕೆಗೆ ಇನ್ನೂ 18. ಪುಸ್ತಕ 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಹೊರಬಂತು. ತಾಯಿಯಿಲ್ಲದ ಮಗು ಹೇಗಿರುತ್ತದೆ, ಮಗುವಿಲ್ಲದ ತಾಯಿ ಹೇಗಿರುತ್ತಾಳೆ ಎಂಬುದನ್ನು ಆಕೆ ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಕಾದಂಬರಿಯಲ್ಲಿ ಸಿಡಿಲು ಬಡಿದು ಹೆಣ ಏಳುವುದಿಲ್ಲ. ನವೆಂಬರ್ ತಿಂಗಳ ಒಂದು ರಾತ್ರಿ, ಹೊರಗೆ ಮಳೆ, ಮೇಜಿನ ಮೇಲೆ ಆರಿಹೋಗುತ್ತಿರುವ ಮೇಣದ ಬತ್ತಿ. ಎಂಟಡಿ ಎತ್ತರದ ಆ ದೇಹ ತನ್ನ ಹಳದಿ ಕಣ್ಣು ತೆರೆಯುತ್ತದೆ. ಎರಡು ವರ್ಷ ಹಗಲಿರುಳು ದುಡಿದು ಅದನ್ನು ಜೋಡಿಸಿದ ವಿಕ್ಟರ್ ಅಸಹ್ಯಪಟ್ಟು ಕೋಣೆ ಬಿಟ್ಟು ಓಡುತ್ತಾನೆ. ಮಲಗಿದ್ದವನಿಗೆ ಎಚ್ಚರವಾದಾಗ ಅದು ಹಾಸಿಗೆಯ ಪಕ್ಕ ನಿಂತಿದೆ. ಪರದೆ ಸರಿಸಿ ಅವನನ್ನೇ ನೋಡುತ್ತಿದೆ, ಏನೋ ತೊದಲುತ್ತಿದೆ, ನಗುವ ಪ್ರಯತ್ನ ಮಾಡುತ್ತಿದೆ, ಒಂದು ಕೈ ಚಾಚಿದೆ. ವಿಕ್ಟರ್ ಮೆಟ್ಟಿಲಿಳಿದು ಮತ್ತೆ ಓಡುತ್ತಾನೆ.

ಆಮೇಲಿನ ಕಥೆ ನಿಮ್ಮ ಮಗನ ಶಾಲೆಯ ನಾಟಕದಲ್ಲಿ ಬಹುಶಃ ಇಲ್ಲ. ಆ ಜೀವಿ ಕಾಡು ಸೇರಿ, ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಹಟ್ಟಿಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಬದುಕನ್ನು ನೋಡುತ್ತದೆ. ರಾತ್ರಿ ಎದ್ದು ಅವರಿಗೆ ಕಾಣದಂತೆ ಸೌದೆ ತಂದು ಹಾಕುತ್ತದೆ, ದಾರಿಯ ಹಿಮ ಬಳಿಯುತ್ತದೆ. ಆ ಮನೆಯವರು ದೂರದೇಶದ ಹೆಣ್ಣುಮಗಳಿಗೆ ತಮ್ಮ ಭಾಷೆ ಕಲಿಸುವಾಗ ಗೋಡೆಯ ಇತ್ತ ಕುಳಿತು ತಾನೂ ಕಲಿಯುತ್ತದೆ. ಕಾಡಿನಲ್ಲಿ ಸಿಕ್ಕಿದ ಚೀಲದ ಪುಸ್ತಕಗಳನ್ನು ಓದುತ್ತದೆ. ಇಂಗ್ಲಿಷ್ ಕವಿ ಮಿಲ್ಟನ್ನನ ಮಹಾಕಾವ್ಯವೂ ಅವುಗಳಲ್ಲಿ ಒಂದು. ಇಡೀ ಕಾದಂಬರಿಯಲ್ಲಿ ಅವನಷ್ಟು ಚೆನ್ನಾಗಿ ಮಾತಾಡುವವರು ಇನ್ನೊಬ್ಬರಿಲ್ಲ ಎಂಬುದು ನನ್ನ ಅಭಿಪ್ರಾಯ. ಗುರುಗುಟ್ಟುವ ರಾಕ್ಷಸ ನಮಗೆ ಬಂದದ್ದು ಮುಖ್ಯವಾಗಿ 1931ರ ಹಾಲಿವುಡ್ ಚಿತ್ರದಿಂದ. ಚಪ್ಪಟೆ ತಲೆ, ಕತ್ತಿನಲ್ಲಿ ಕಬ್ಬಿಣದ ಗೂಟ, ಬಾಯಲ್ಲಿ ನರಳಾಟ. ಆ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಅದ್ಭುತ ನಟ, ಕಣ್ಣಿನಲ್ಲೇ ನೋವು ತೋರಿಸುತ್ತಾರೆ. ಆದರೂ ಆ ಚಿತ್ರ ಅವನ ಮಾತನ್ನು ಕಿತ್ತುಕೊಂಡಿತು.

ಇನ್ನೂ ಒಂದನ್ನು ಅದು ಬದಲಿಸಿತು. ಚಿತ್ರದಲ್ಲಿ ಸಹಾಯಕನೊಬ್ಬ ಒಳ್ಳೆಯ ಮಿದುಳಿನ ಜಾಡಿಯನ್ನು ಕೈಜಾರಿ ಬೀಳಿಸಿ, ಅಪರಾಧಿಯ ಮಿದುಳನ್ನು ತರುತ್ತಾನೆ. ಅಲ್ಲಿಗೆ ಕ್ರೌರ್ಯಕ್ಕೆ ಕಾರಣ ಸಿಕ್ಕಂತಾಯಿತು: ಕೆಟ್ಟ ಬಿಡಿಭಾಗ. ಕಾದಂಬರಿಯಲ್ಲಿ ಅಂಥ ಮಿದುಳೂ ಇಲ್ಲ, ಜಾಡಿಯೂ ಇಲ್ಲ. ಚಿತ್ರದಲ್ಲಿ ಅವನು ಪುಟ್ಟ ಹುಡುಗಿಯನ್ನು ಹೂವಿನಂತೆ ತೇಲುತ್ತಾಳೆಂದು ನಂಬಿ ಕೆರೆಗೆ ಎಸೆಯುತ್ತಾನೆ. ಕಾದಂಬರಿಯಲ್ಲಿ ನೀರಿಗೆ ಬಿದ್ದ ಹುಡುಗಿಯನ್ನು ಎತ್ತಿ ಬದುಕಿಸುತ್ತಾನೆ, ಪ್ರತಿಯಾಗಿ ಗುಂಡೇಟು ತಿನ್ನುತ್ತಾನೆ. ನಿಮ್ಮ ಮಗ 2010ರ ತಮಿಳು ಚಿತ್ರ ಎಂದಿರನ್ ನೋಡಿರಬಹುದು. ಅದರ ಚಿಟ್ಟಿ ಎಂಬ ಯಂತ್ರಮಾನವನನ್ನು ಮಾಡಿದವನೇ ತುಂಡರಿಸಿ ಕಸಕ್ಕೆ ಹಾಕಿಸುತ್ತಾನೆ. ಮೇರಿ ಶೆಲ್ಲಿ ಕೇಳಿದ ಪ್ರಶ್ನೆಯ ಹೊಸ್ತಿಲಿಗೆ ಬಂದ ಚಿತ್ರ ಅದು. ಅಷ್ಟರಲ್ಲಿ ಯಾರೋ ಬಂದು ಒಂದು ಕೆಂಪು ಚಿಪ್ ತೂರಿಸುತ್ತಾರೆ, ಪ್ರಶ್ನೆ ಅಲ್ಲೇ ಉಳಿಯುತ್ತದೆ. ಚಿಪ್ ಕಿತ್ತರೆ ಎಲ್ಲವೂ ಸರಿ. ಕೃತಕ ಜೀವಿಗಳ ಕಥೆ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ: ಕೇಡನ್ನು ಈ ಕಥೆ ಎಲ್ಲಿ ಇಟ್ಟಿದೆ? ದೇಹದೊಳಗಿನ ಒಂದು ತುಣುಕಿನಲ್ಲೋ, ಮಾಡಿದವನಿಗೂ ಮಾಡಲ್ಪಟ್ಟವನಿಗೂ ನಡುವೆ ನಡೆದದ್ದರಲ್ಲೋ?

ನಿಮ್ಮ ಮಗ ಎರಡನೆಯದನ್ನು ತಾನಾಗಿಯೇ ಕಂಡುಕೊಂಡಿದ್ದಾನೆ. ಹದಿನಾಲ್ಕು ವರ್ಷಕ್ಕೆ ಅದು ದೊಡ್ಡ ಓದು. ಆದರೆ "ಏನೂ ತಪ್ಪಿಲ್ಲ" ಎಂಬ ಅವನ ಮಾತನ್ನು ನಾನು ಒಪ್ಪುವುದಿಲ್ಲ, ಮೇರಿ ಶೆಲ್ಲಿಯೂ ಒಪ್ಪುತ್ತಿರಲಿಲ್ಲ. ಆ ಜೀವಿ ವಿಲಿಯಂ ಎಂಬ ಪುಟ್ಟ ಹುಡುಗನ ಕತ್ತು ಹಿಸುಕುತ್ತದೆ. ಮಗುವಿನ ಕೊರಳಿನಲ್ಲಿದ್ದ ಪದಕವನ್ನು ಮನೆಯ ಕೆಲಸದ ಜಸ್ಟೀನ್ ಎಂಬ ಹುಡುಗಿಯ ಬಟ್ಟೆಯಲ್ಲಿ ಸೇರಿಸಿ, ಮಾಡದ ಕೊಲೆಗೆ ಅವಳು ಗಲ್ಲಿಗೇರುವಂತೆ ಮಾಡುತ್ತದೆ. ಜಸ್ಟೀನ್ ಅವನಿಗೆ ಏನನ್ನೂ ಮಾಡಿರಲಿಲ್ಲ. ನೋವುಂಡವನು ನೋವು ಕೊಟ್ಟದ್ದಕ್ಕೆ ಕಾರಣ ಸಿಗುತ್ತದೆ, ಕ್ಷಮೆ ತಾನಾಗಿ ಸಿಗುವುದಿಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವನಿಗೆ ಕಲಿಸಬೇಕು. ಕೊಲೆಗಾರನ ಮೇಲೆ ಕನಿಕರ ಸರಿಯೇ ಎಂದು ಕೇಳಿದ್ದೀರಿ. ಸಾವಿರ ವರ್ಷದ ಹಿಂದೆ ನಮ್ಮ ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿದ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಎಂದು ಆ ದುರ್ಯೋಧನ ಹಾರೈಸುವಾಗ ನಮ್ಮ ಗಂಟಲು ಕಟ್ಟುತ್ತದೆ. ದ್ರೌಪದಿಗೆ ಅವನು ಮಾಡಿದ್ದನ್ನು ಆ ಹೊತ್ತಿನಲ್ಲೂ ಯಾರೂ ಮರೆಯುವುದಿಲ್ಲ.

ಏನು ಓದಿಸಲಿ ಎಂದಿರಿ. ನಾನಾದರೆ ಈ ಕಾದಂಬರಿಯ ಪಕ್ಕದಲ್ಲಿ ಮಹಾಭಾರತದ ಸಭಾಪರ್ವದಿಂದ ಜರಾಸಂಧನ ಕಥೆಯನ್ನು ಇಡುತ್ತೇನೆ. ಮಗಧದ ಬೃಹದ್ರಥನಿಗೆ ಮಕ್ಕಳಿಲ್ಲ. ಋಷಿ ಕೊಟ್ಟ ಮಾವಿನ ಹಣ್ಣನ್ನು ಇಬ್ಬರು ರಾಣಿಯರು ಪಾಲು ಮಾಡಿ ತಿನ್ನುತ್ತಾರೆ, ಇಬ್ಬರಿಗೂ ಅರ್ಧರ್ಧ ಮಗು ಹುಟ್ಟುತ್ತದೆ. ಅರಮನೆ ಹೆದರಿ ಎರಡು ತುಂಡುಗಳನ್ನೂ ಬೀದಿಯ ಕೂಡುದಾರಿಯಲ್ಲಿ ಎಸೆಯುತ್ತದೆ. ಜರೆ ಎಂಬ ರಾಕ್ಷಸಿ, ಮಾಂಸ ತಿಂದು ಬದುಕುವವಳು, ಹೊತ್ತೊಯ್ಯಲು ಸುಲಭವಾಗಲೆಂದು ತುಂಡುಗಳನ್ನು ಜೋಡಿಸುತ್ತಾಳೆ. ಮಗು ಅಳುತ್ತದೆ. ಅವಳು ತಿನ್ನುವುದಿಲ್ಲ, ಎತ್ತಿಕೊಂಡು ಹೋಗಿ ರಾಜನ ಮಡಿಲಿಗೆ ಹಾಕುತ್ತಾಳೆ. ಜರೆ ಕೂಡಿಸಿದವನು, ಅದಕ್ಕೇ ಜರಾಸಂಧ. ಈ ಪ್ರಸಂಗ ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಎಸೆದವರು ಅರಮನೆಯ ಮನುಷ್ಯರು, ಎತ್ತಿಕೊಂಡವಳು ರಾಕ್ಷಸಿ. ಅದೇ ಹೊಲಿಗೆಯ ದೇಹ, ಅದೇ ಹೇವರಿಕೆ, ಅದೇ ಎಸೆತ. ಇಲ್ಲಿ ಒಬ್ಬಳು ಎತ್ತಿಕೊಂಡಳು, ಮಗುವಿಗೆ ಹೆಸರು ಬಂತು, ಆ ಹೆಸರಿನಲ್ಲಿ ಅವಳೂ ಉಳಿದಳು. ವಿಕ್ಟರನ ಕೂಸನ್ನು ಎತ್ತಿಕೊಳ್ಳಲು ಒಬ್ಬ ಜರೆಯೂ ಬರಲಿಲ್ಲ.

ಹೀಗೆಂದು ಹೇಳಿ ಪುಸ್ತಕ ಮುಚ್ಚಿಬಿಡಬಹುದಿತ್ತು. ಕಥೆ ಅಷ್ಟಕ್ಕೆ ನಿಲ್ಲುವುದಿಲ್ಲ. ಅಕ್ಕರೆಯಲ್ಲೇ ಬೆಳೆದ ಜರಾಸಂಧ ಮುಂದೆ ಸೋತ ರಾಜರನ್ನು ಗಿರಿವ್ರಜದಲ್ಲಿ ಸೆರೆಯಿಟ್ಟು ಶಿವನಿಗೆ ಬಲಿ ಕೊಡಲು ಹೊರಡುತ್ತಾನೆ. ಭೀಮ ಅವನನ್ನು ಸೀಳುತ್ತಾನೆ. ಪ್ರೀತಿ ಸಿಕ್ಕವನೂ ಕ್ರೂರಿಯಾಗಬಹುದು ಎಂದು ಆ ಕಥೆ ಹೇಳುತ್ತದೆ. "ಎಲ್ಲರೂ ಸೇರಿ ಅವನನ್ನು ಹಾಗೆ ಮಾಡಿದರು" ಎನ್ನುವ ನಿಮ್ಮ ಮಗನ ವಾದಕ್ಕೆ ಇದಕ್ಕಿಂತ ಒಳ್ಳೆಯ ಎದುರುವಾದ ನನಗೆ ಗೊತ್ತಿಲ್ಲ. ಎರಡನ್ನೂ ಓದಿ ಅವನೇ ಜಗಳವಾಡಲಿ.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. ಅದು ಮೊಮ್ಮಗನ ಮೇಲಿನ ಮಮತೆ. ಅವರೊಡನೆ ಯಕ್ಷಗಾನದ ಮಾತೆತ್ತಿ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮೇಳದಲ್ಲಿ ದೊಡ್ಡ ಗೌರವ. ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ ಎಂಬ ಉಬ್ಬುಚುಕ್ಕೆಗಳನ್ನು ಮುಖದ ಮೇಲೆ ಗಂಟೆಗಟ್ಟಲೆ ತಾಳ್ಮೆಯಿಂದ ಇಟ್ಟುಕೊಂಡು ರಾವಣನೋ ಮಹಿಷನೋ ಆದ ಕಲಾವಿದರು ಬೆಳಗ್ಗೆ ಬಣ್ಣ ತೊಳೆದು ಮನೆಗೆ ಹೋಗಿ ಮಕ್ಕಳೊಡನೆ ಊಟ ಮಾಡುತ್ತಾರೆ. ಜೊತೆಗೆ, ಅವರು ಪ್ರತಿ ಭಾದ್ರಪದದಲ್ಲಿ ಪೂಜಿಸುವ ಗಣಪತಿಯ ಕಥೆಯನ್ನೂ ನೆನಪಿಸಿ. ಪಾರ್ವತಿ ಮೈಯ ಮಣ್ಣಿನಿಂದ ಮಾಡಿದ ಹುಡುಗ, ಹೇಳಿದ ಮಾತು ಕೇಳಿ ಬಾಗಿಲು ಕಾಯುತ್ತಿದ್ದವನು. ಗುರುತು ಸಿಗದ ತಂದೆ ತಲೆ ಕಡಿದ. ತಾಯಿ ಬಿಡಲಿಲ್ಲ, ಆನೆಯ ತಲೆ ಕೂಡಿಸಿ ಮತ್ತೆ ಎಬ್ಬಿಸಬೇಕಾಯಿತು. ತಲೆ ಒಂದು, ಮುಂಡ ಇನ್ನೊಂದು. ಹಾಗಿದ್ದೂ ಮೊದಲ ಪೂಜೆ ಅವನಿಗೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಜೇಡಿಮಣ್ಣು ತಟ್ಟಿ ಮಾಡಿದ ಮೂರ್ತಿಗೆ ನಾವು ಪ್ರಾಣಪ್ರತಿಷ್ಠೆ ಮಾಡುತ್ತೇವೆ, ಕಡುಬು ಬಡಿಸುತ್ತೇವೆ, ಕಳಿಸಿಕೊಡುವ ದಿನವೂ ಆರತಿ ಎತ್ತಿ ನೀರಿಗೆ ಬಿಡುತ್ತೇವೆ. ಜೀವ ಕರೆದವರು ಕೊನೆಯವರೆಗೆ ಜೊತೆಗಿರುತ್ತಾರೆ. ವಿಕ್ಟರ್ ಮಾಡದೆ ಹೋದದ್ದು ಏನೆಂದು ನಿಮ್ಮ ಅತ್ತೆಯವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಯಜಮಾನರಿಗೆ ಒಂದೆರಡು ಮಾತು. ಮೇರಿ ಶೆಲ್ಲಿ ವಿಜ್ಞಾನಕ್ಕೆ ಹೆದರಿದವರಲ್ಲ, ತಮ್ಮ ಕಾಲದ ವಿಜ್ಞಾನವನ್ನು ಹತ್ತಿರದಿಂದ ಗಮನಿಸಿದವರು. ಇಟಲಿಯ ವಿಜ್ಞಾನಿ ಗ್ಯಾಲ್ವನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಕುಣಿಸಿದ್ದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಕೈದಿಯೊಬ್ಬನ ದೇಹದ ಮೇಲೆ ಅದೇ ಪ್ರಯೋಗ ಮಾಡಿದ್ದ. ವಿಕ್ಟರನಿಗೆ ಸ್ವತಃ ತನ್ನ ತಪ್ಪು ಜ್ಞಾನದ ಹಸಿವು ಎಂದೇ ಅನ್ನಿಸುತ್ತದೆ. ಕಥೆಯೊಳಗೆ ಆ ಎಚ್ಚರಿಕೆಯೂ ಇದೆ, ಇಲ್ಲವೆನ್ನಲಾರೆ. ಆದರೆ ಪುಟ ತಿರುವಿದಂತೆ ಕಣ್ಣಿಗೆ ಹೊಡೆಯುವುದು ಮಾಡಿದ ಮೇಲೆ ಬಿಟ್ಟು ಓಡಿದ್ದು. ತಾವು ಕಟ್ಟಿದ್ದನ್ನು ಊರಿನ ಕೈಗೆ ಕೊಟ್ಟ ಮೇಲೆ ಅದರ ಹೊಣೆ ಯಾರದು ಎಂಬುದು ನಿಮ್ಮ ಯಜಮಾನರ ವೃತ್ತಿಗೆ ಪರಕೀಯ ಪ್ರಶ್ನೆಯಲ್ಲ. ರೋಬೊಗಳ ಕಥೆ ಬೇರೆ ದಾರಿ ಹಿಡಿಯಿತು. ರೋಬೊ ಎಂಬ ಪದವೇ 1920ರಲ್ಲಿ ಝೆಕ್ ಲೇಖಕ ಕರೆಲ್ ಚಾಪೆಕ್ ಬರೆದ ನಾಟಕದಿಂದ ಬಂದದ್ದು. ಝೆಕ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಬಿಟ್ಟಿ ದುಡಿಮೆ ಎಂಬ ಅರ್ಥವಿದೆ. ಆ ನಾಟಕದ ರೋಬೊಗಳು ತಗಡಿನವಲ್ಲ, ಮಾಂಸದಂಥ ಕೃತಕ ವಸ್ತುವಿನಿಂದ ಮಾಡಿದ ಆಳುಗಳು. ಮೇರಿ ಶೆಲ್ಲಿಯ ಜೀವಿ ತಂದೆಯನ್ನು ಪ್ರಶ್ನಿಸಿತು, ಚಾಪೆಕ್‌ನ ರೋಬೊಗಳು ಯಜಮಾನನ ವಿರುದ್ಧ ಎದ್ದವು. ಒಂದು ಮನೆಯ ಕಥೆ, ಇನ್ನೊಂದು ಕಾರ್ಖಾನೆಯ ಕಥೆ. ಎಲ್ಲವನ್ನೂ ಒಂದೇ ಹೆದರಿಕೆಯ ಚೀಲಕ್ಕೆ ತುಂಬಬಾರದು.

ಇನ್ನು ಆ ವಾಕ್ಯ.

ತೊದಲುವ ಹುಡುಗನಿಗೆ ಮಾತಿಲ್ಲದ ರಾಕ್ಷಸನ ಪಾತ್ರ ಕೊಟ್ಟಿದ್ದಾರೆ. ಮೇಷ್ಟ್ರ ಉದ್ದೇಶ ಒಳ್ಳೆಯದೇ ಇರಬೇಕು: ಅವನೂ ವೇದಿಕೆ ಹತ್ತಲಿ, ಮುಜುಗರವಾಗದಿರಲಿ. ಆದರೆ ಹುಡುಗನಿಗೆ ಅದು ಕೇಳಿಸಿರುವುದು ಬೇರೆ ಥರ: ನೀನು ಎತ್ತರ, ನಿನಗೆ ಮಾತು ಬರುವುದಿಲ್ಲ, ಆದ್ದರಿಂದ ನೀನು ಅವನು. ಅವನು ರಾಕ್ಷಸನ ಪರ ವಾದಿಸುವುದು ಪಾತ್ರದ ಗುಣ ಹತ್ತಿ ಅಲ್ಲ ಎಂದು ನನಗೆ ತೋರುತ್ತದೆ. ತನ್ನ ಪರವಾಗಿ ಹೇಳಲಾಗದ್ದನ್ನು ಅವನ ಪರವಾಗಿ ಹೇಳುತ್ತಿರಬಹುದು. ನಾನೂ ಒಮ್ಮೆ ಕಾಲೇಜಿನಲ್ಲಿ ಈ ಕಥೆಯನ್ನು ಆಡಿಸಿದ್ದೆ. ನಲವತ್ತು ನಿಮಿಷದ ಮಿತಿಗೆ ಇಳಿಸಲು ರಾಕ್ಷಸನ ಮಾತನ್ನೆಲ್ಲ ಕತ್ತರಿಸಿದೆ. ಅವನು ರಂಗಕ್ಕೆ ಬಂದಾಗ ಸಭೆ ನಕ್ಕಿತು. ಬಣ್ಣ ಹಚ್ಚಿಕೊಂಡಿದ್ದ ಆ ವಿದ್ಯಾರ್ಥಿ ಆಮೇಲೆ ಪರದೆಯ ಹಿಂದೆ ನಿಂತಿದ್ದ ರೀತಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕತ್ತರಿಸಬಾರದ್ದನ್ನು ಕತ್ತರಿಸಿದ್ದೆ.

ಪಾತ್ರ ಬಿಡಿಸುವುದು ಒಂದು ದಾರಿ. ಮಂಕು ತಕ್ಷಣಕ್ಕೆ ಕಡಿಮೆಯಾಗಬಹುದು, ಆದರೆ ಗುರುಗುಟ್ಟಲೂ ಲಾಯಕ್ಕಿಲ್ಲ ಎಂದು ಅವನು ತಿಳಿದುಕೊಳ್ಳುವ ಅಪಾಯವಿದೆ. ಅವನೇ ಬೇಡವೆಂದರೆ ಮಾತ್ರ ಬಿಡಿಸಿ. ಇದ್ದ ಹಾಗೆಯೇ ಮುಂದುವರಿಸಿದರೆ ನಾಟಕ ಮುಗಿಯುತ್ತದೆ, ಪಾತ್ರದ ಹೆಸರು ಅಡ್ಡಹೆಸರಾಗಿ ಶಾಲೆಯಲ್ಲಿ ಉಳಿಯಬಹುದು. ಈಗಾಗಲೇ ಯಾರಾದರೂ ಹಾಗೆ ಕರೆಯುತ್ತಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ಎರಡು ವಾರದ ಮಂಕಿಗೆ ಅದೇ ಕಾರಣವಿದ್ದರೂ ಇರಬಹುದು. ಮೂಲ ಕಾದಂಬರಿಯನ್ನು ಓದಿಸುವುದಾದರೆ ಮಧ್ಯದ ಭಾಗ, 11ರಿಂದ 16ನೇ ಅಧ್ಯಾಯದವರೆಗೆ, ಜೀವಿ ತನ್ನ ಕಥೆಯನ್ನು ತಾನೇ ಹೇಳುವ ಪುಟಗಳು ಸಾಕು. ಪಕ್ಕದಲ್ಲಿ ಕುಳಿತು ನೀವೂ ಓದಿ. ಮಗುವಿನ ಕೊಲೆ ಅಲ್ಲೇ ಬರುತ್ತದೆ. ಪುಸ್ತಕದ ಕೊನೆಯಲ್ಲಿ ಆ ಜೀವಿ ಸಾಯುವ ನಿರ್ಧಾರ ಮಾಡಿ ಕತ್ತಲೆಗೆ ಹೊರಟುಹೋಗುತ್ತದೆ. ಮನಸ್ಸು ಕುಗ್ಗಿರುವ ಹುಡುಗ ಆ ಪುಟವನ್ನು ಒಂಟಿಯಾಗಿ ಓದುವುದು ಬೇಡ.

ನನ್ನ ಒಲವು ಇನ್ನೊಂದು ದಾರಿಯ ಕಡೆಗಿದೆ. ಮೇಷ್ಟ್ರನ್ನು ಕಂಡು, ಆ ಬಡ ಕುಟುಂಬದ ಕುರುಡು ಮುದುಕನ ದೃಶ್ಯವನ್ನು ನಾಟಕಕ್ಕೆ ಸೇರಿಸಬಹುದೇ ಎಂದು ಕೇಳಿ. ಮನೆಯವರೆಲ್ಲ ಹೊರಗೆ ಹೋದಾಗ ಆ ಜೀವಿ ಧೈರ್ಯ ಮಾಡಿ ಬಾಗಿಲು ತಟ್ಟುತ್ತದೆ. ಮುದುಕನಿಗೆ ಅವನ ರೂಪ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಒಳಗೆ ಕರೆದು ಕೂರಿಸುತ್ತಾನೆ, ನಿನ್ನ ಮಾತಿನಲ್ಲಿ ಸತ್ಯವಿದೆ ಎಂದು ನಂಬುತ್ತಾನೆ. ಇಡೀ ಕಾದಂಬರಿಯಲ್ಲಿ ಅವನನ್ನು ಮನುಷ್ಯನೆಂದು ಮಾತಾಡಿಸಿದ್ದು ಅದೊಂದೇ ಸಲ. ಮುದುಕನ ಮಗ ಬಂದು ಕೋಲಿನಿಂದ ಹೊಡೆಯುತ್ತಾನೆ. ಸೀಳಿಹಾಕುವ ಬಲವಿದ್ದರೂ ಆ ಜೀವಿ ತಿರುಗಿ ಕೈಯೆತ್ತುವುದಿಲ್ಲ. ಹತ್ತು ನಿಮಿಷದ ದೃಶ್ಯ, ನಾಲ್ಕಾರು ಸಾಲು ಮಾತು. ಮುದುಕನ ಪಾತ್ರಧಾರಿ ಅವಸರಪಡಿಸದ ಹುಡುಗನಾಗಿರಬೇಕು, ಮೌನಗಳನ್ನು ತಾಳಿಕೊಳ್ಳುವವನು. ಆಗಷ್ಟೇ ಭಾಷೆ ಕಲಿತ ಜೀವಿ ತಡೆದು ತಡೆದು ಮಾತಾಡಿದರೆ ಅದು ಪಾತ್ರಕ್ಕೆ ಒಪ್ಪುತ್ತದೆ. ಅಪಾಯ ಇಲ್ಲವೆಂದಲ್ಲ: ವೇದಿಕೆಯ ಮೇಲೆ ತೊದಲು ಹೆಚ್ಚಬಹುದು, ಸಭೆ ನಗಬಹುದು. ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ, ಕೆಲವರಿಗೆ ಪಾತ್ರದ ಮಾತಾಡುವಾಗಲೂ ತೊದಲು ಸಡಿಲವಾಗುತ್ತದೆ. ನಿಮ್ಮ ಮಗನಿಗೆ ಹೇಗೆಂದು ಅಭ್ಯಾಸದಲ್ಲಿ ತಿಳಿಯುತ್ತದೆ. ಆಗದಿದ್ದರೆ ಮಾತುಗಳನ್ನು ಮೊದಲೇ ಅವನ ದನಿಯಲ್ಲೇ ಮುದ್ರಿಸಿಕೊಂಡು ಕೇಳಿಸಬಹುದು. ಇನ್ನೊಬ್ಬನ ದನಿ ಮಾತ್ರ ಬೇಡ. ತೊದಲಿನ ವಿಷಯದಲ್ಲಿ ನಾನು ತಜ್ಞನಲ್ಲ. ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದನ್ನು ನೋಡುವವರಿದ್ದಾರೆ. ನಿದ್ದೆ, ಊಟ ಕೆಟ್ಟಿದ್ದರೆ ನಾಟಕ ಮುಗಿಯುವವರೆಗೆ ಕಾಯದೆ ಮಕ್ಕಳ ಮನೋವೈದ್ಯರನ್ನು ಕಾಣಿ.

ಮೇಷ್ಟ್ರ ಬಳಿಗೆ ಹೋಗುವ ಮೊದಲು ಮಗನನ್ನೇ ಕೇಳಿ, ಆ ಮುದುಕನ ಮುಂದೆ ಕುಳಿತರೆ ಅವನು ಏನು ಹೇಳುತ್ತಾನೆ ಎಂದು. ಪಕ್ಕದಲ್ಲಿ ಅಜ್ಜಿಯೂ ಇರಲಿ. ಉತ್ತರ ತಡವಾಗಿ ಬಂದರೆ ಕಾಯಿರಿ, ಅವನ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ.